ಮೂರನೇ ಸಾಲಿನಿಂದ ಬಂದ ಜವಾಬು

ನನ್ನ ಅಜ್ಜಿಯನ್ನು ನಾನು ಮುನ್ನೂರು ಜನರೆದುರು, ಮೈಕಿನಲ್ಲಿ, ಯಾರೋ ಗೊತ್ತಿಲ್ಲ ಎಂದೆ. ಅವಳು ಮತ್ತೆ ಬಾಯಿ ತೆರೆಯದೆ ಹೋದದ್ದು ಆ ಮಾತಿನಿಂದ — ಅಕ್ಕ ಒಂದು ಗುಳಿಗೆ ಕೊಡಲು ಮರೆತದ್ದರಿಂದ ಅಲ್ಲ. ಇಷ್ಟನ್ನು ಹೇಳಲು ನನಗೆ ಹನ್ನೊಂದು ವರ್ಷ ಬೇಕಾಯಿತು.

ಅವತ್ತು ಅಲ್ಲಿ ಯಾರು ಯಾರು ಇದ್ದರು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಒಬ್ಬರನ್ನು ಹಿಂದಕ್ಕೆ ಸರಿಸಲು, ಇನ್ನೊಬ್ಬರನ್ನು ಮರೆಯಾಗಿಸಲು ನನಗೆ ಆಗಬಾರದು. ದಾವಣಗೆರೆಯ ಒಂದು ಸಭಾಂಗಣ, ಭಾನುವಾರ, ಬೆಳಗಿನ ಹನ್ನೊಂದು ಗಂಟೆ. ವೇದಿಕೆಯ ಮೇಲೆ ನಾವು ನಾಲ್ವರು — ಡ್ರಮ್ಸಿಗೆ ಒಬ್ಬ, ಕೀಬೋರ್ಡಿಗೆ ಒಬ್ಬ, ಸ್ಯಾಕ್ಸೋಫೋನ್ ಹಿಡಿದ ಹರಿಹರದ ರಹಮತ್ ಚಾಚಾ, ಹಾಡಲು ನಾನು. ಮೊದಲ ಸಾಲಿನಲ್ಲಿ ಕಾರ್ಯಕ್ರಮ ಇಟ್ಟುಕೊಂಡ ಸಂಘದವರು, ಅವರ ನಡುವೆ ಹೊರಗಿನಿಂದ ಬಂದ ಒಬ್ಬ ಸಂಗೀತ ನಿರ್ದೇಶಕರು. ಮೂರನೇ ಸಾಲಿನ ತುದಿಯ ಕುರ್ಚಿಯಲ್ಲಿ, ಹಸಿರು ಇಳಕಲ್ ಸೀರೆ ಉಟ್ಟು, ಹಣೆ ತುಂಬ ವಿಭೂತಿ ಹಚ್ಚಿಕೊಂಡು ನನ್ನ ಕೊಟ್ರಜ್ಜಿ. ಅವಳ ಪಕ್ಕದ ಕುರ್ಚಿ ಖಾಲಿ. ಅದು ನನ್ನ ಅಕ್ಕ ಗಿರಿಜಳದು. ಅಜ್ಜಿಗೆ ಬಾಯಾರಿತೆಂದು ಬಾಟಲಿಗೆ ನೀರು ತುಂಬಿಸಿಕೊಂಡು ಬರಲು ಅವಳು ಹೊರಗೆ ಹೋಗಿದ್ದಳು. ಆ ಕುರ್ಚಿ ಖಾಲಿ ಇದ್ದದ್ದು ಹೆಚ್ಚೆಂದರೆ ಐದು ನಿಮಿಷ. ನನ್ನ ಗುಟ್ಟು ಇಷ್ಟು ವರ್ಷ ಉಳಿದದ್ದು ಆ ಐದು ನಿಮಿಷದ ಕೃಪೆಯಿಂದ.

ಕೊಟ್ರಜ್ಜಿ ನನ್ನ ಅಪ್ಪನ ತಾಯಿ. ಆನಗೋಡಿನವಳು. ಮದುವೆಯಾಗಿ ದಾವಣಗೆರೆಗೆ ಬಂದಮೇಲೆ ಆಯುಸ್ಸಿನ ಮುಕ್ಕಾಲು ಪಾಲನ್ನು ಮಂಡಕ್ಕಿ ಭಟ್ಟಿಯ ಬಿಸಿಯಲ್ಲಿ ಕಳೆದಳು. ಅಪ್ಪ ಬೇಗ ಹೋದ. ಅವ್ವ ದಿನವಿಡೀ ಹೊಲಿಗೆ ಮಷೀನಿನ ಮುಂದೆ. ಹಾಗಾಗಿ ನನಗೆ ಮಾತು ಕಲಿಸಿದವಳು ಅಜ್ಜಿ. ನಾಲ್ಕು ಜನ ಕೂತು ನನ್ನ ಮಾತು ಕೇಳುತ್ತಾರೆಂದರೆ, ಇವತ್ತು ನೀವು ಈ ಬರಹವನ್ನು ಇಲ್ಲಿಯತನಕ ಓದಿದ್ದೀರೆಂದರೆ, ಆ ರುಚಿ ಅವಳದು.

ಅವಳ ಕತೆ ಹೇಳುವ ರೀತಿಯೇ ಬೇರೆ. ನಡುವೆ ಥಟ್ಟನೆ ನಿಲ್ಲಿಸಿ, ದನಿಯನ್ನು ಮೇಲಕ್ಕೆ ಎತ್ತಿ, "ಮುಂದ?" ಎನ್ನುವಳು. ಕೇಳುವವನೇ ಮುಂದಿನದನ್ನು ಕಟ್ಟಬೇಕು.

"ರಾಜನ ಆನೀಗೆ ಬಾಯಾರಿಕೆ ಆತು. ಮುಂದ?"

"ನಮ್ಮ ಬೀದಿ ನಲ್ಲಿಗೆ ಬಂತು."

"ಬಂತು. ಮುಂದ?"

"ನೀರು ಬರಲಿಲ್ಲ. ಇವತ್ತು ನೀರು ಬಿಡೋ ದಿನ ಅಲ್ಲ."

ಆಗ ಅವಳು ಮೊರ ಬಿಟ್ಟು ನಗುವಳು. "ರಾಜನ ಆನಿಗೂ ನಮ್ಮ ಗತೀನೇ ತಂದಿಟ್ಟೆಲ್ಲೋ." ಕೇಳಿದ್ದನ್ನೇ ತಿರುಗಿ ಒಪ್ಪಿಸಿದರೆ ಮಾತ್ರ ಒಪ್ಪುತ್ತಿರಲಿಲ್ಲ. "ಅದು ನಿನ್ನೆ ನಾ ಹೇಳಿದ್ದು. ನಿಂದು ಹೇಳು."

ನಿಂದು ಹೇಳು — ಈ ಎರಡು ಪದ ಆಮೇಲೆ ನನ್ನನ್ನು ಹೇಗೆ...ಇರಲಿ, ಅಲ್ಲಿಗೆ ಬರುತ್ತೇನೆ.

ಅವಳಿಗೆ ಲಕ್ವ ಹೊಡೆದಾಗ ನನಗೆ ಮೂವತ್ತಮೂರು. ಬಲಗೈ ಹೋಯಿತು, ಬಲಗಾಲು ಎಳೆಯತೊಡಗಿತು, ಮಾತು ಪೂರ್ತಿ ಹೋಯಿತು. ಬಾಯಿಂದ ಹೊರಡುತ್ತಿದ್ದದ್ದು ಮೂರೇ ಸದ್ದು — ದಾಬ, ದೀಬ, ದೂ. ನೀರು ಬೇಕಾದರೂ ಅದೇ, ಬೈಗುಳವಾದರೂ ಅದೇ, ಶಿವನ ಹೆಸರಾದರೂ ಅದೇ. ಡಾಕ್ಟರು ನಮ್ಮನ್ನು ಹೊರಗೆ ಕರೆದು ಹೇಳಿದರು: "ಕೇಳಿದ್ದೆಲ್ಲಾ ಇವರಿಗೆ ತಿಳೀತೈತೆ. ಹೇಳೋಕೆ ಪದ ಸಿಗಲ್ಲ, ಅಷ್ಟೆ. ಹಿಂದಿನಿಂದ ಆಡ್ಕೊಂಡ್ರೂ ತಿಳೀತೈತೆ, ಹುಷಾರು." ಹೇಳಿ ನಕ್ಕರು. ನಾವೂ ನಕ್ಕೆವು. ಆ ಮಾತನ್ನು ನಾನು ಮರೆತಿದ್ದೆ ಎಂದು ಹೇಳಿಕೊಳ್ಳುವ ಹಾಗಿಲ್ಲ. ಮರೆತಿರಲಿಲ್ಲ.

ಅಕ್ಕ ಅಜ್ಜಿಯನ್ನು ಹರಿಹರದ ತನ್ನ ಮನೆಗೆ ಕರೆದುಕೊಂಡು ಹೋದಳು. ಭಾವ ಕಾರ್ಖಾನೆಗೆ ಹೋದಮೇಲೆ ಮನೆಯಲ್ಲಿ ಇವರಿಬ್ಬರೇ. ತಿಂಗಳೊಪ್ಪತ್ತಿನಲ್ಲಿ ಅಕ್ಕನಿಗೆ ಆ ಮೂರು ಸದ್ದಿನ ಭಾಷೆ ಬಂದುಬಿಟ್ಟಿತು. ಕಿವಿ ಕೊಡಬೇಕಾದದ್ದು ಅಕ್ಷರಕ್ಕಲ್ಲ, ರಾಗಕ್ಕೆ. ದನಿ ಕೆಳಗಿಳಿದು ನಿಂತರೆ ಸಾಕು ಎಂದು. ಎರಡು ಸಲ ಒತ್ತಿ ಬಂದರೆ ಸಾರಿಗೆ ಉಪ್ಪಿಲ್ಲ ಎಂದು. ಕೊನೆಯಲ್ಲಿ ಮೇಲಕ್ಕೆ ಎದ್ದು ಗಾಳಿಯಲ್ಲಿ ತೂಗಿದರೆ, ಹಳೆಯ "ಮುಂದ?" ಎಂದು. ಅಕ್ಕ ಒಲೆಯ ಮುಂದಿನಿಂದಲೇ ಜವಾಬು ಕೊಡುವಳು. "ಮುಂದೇನೈತೆ, ನಿನ್ ಮೊಮ್ಮಗ ಬಂದು ಕೂತಾನೆ, ಉಪ್ಪಿಟ್ಟು ತಿನ್ನಾಕ. ಅವನ್ನೇ ಕೇಳು."

ಆಗ ನಾನು ಮದುವೆ ಮನೆಗಳಲ್ಲಿ ಆರ್ಕೆಸ್ಟ್ರಾ ಹಾಡುತ್ತಿದ್ದೆ. ರಹಮತ್ ಚಾಚಾ ನಮ್ಮ ತಂಡಕ್ಕೆ ಬಂದದ್ದು ಆ ದಿನಗಳಲ್ಲೇ. ಹರೆಯದಲ್ಲಿ ಮುಂಬಯಿಯ ಹೋಟೆಲುಗಳಲ್ಲಿ ಗೋವಾದ ವಾದಕರ ಜೊತೆ ನುಡಿಸಿದವರು. ಮೆರವಣಿಗೆಯ ಬ್ಯಾಂಡಿನಲ್ಲಿ ಊದುತ್ತಿದ್ದರೂ ಮನಸ್ಸು ಜಾಝ್ ಸಂಗೀತದಲ್ಲೇ. ನನಗೆ ಸ್ಕ್ಯಾಟ್ ಎಂಬ ಹೆಸರನ್ನು ಮೊದಲು ಹೇಳಿದವರು ಅವರು.

"ಪದ ಇಲ್ಲಪ್ಪ ಅದ್ರಾಗೆ. ಬಾಯೇ ಬಾಜಾ. ನಾನು ಪೀಪಿಯಾಗೆ ಏನು ಊದ್ತೀನಿ, ನೀನು ಬಾಯಾಗೆ ಅದಕ್ಕೆ ಜವಾಬು ಕೊಡ್ಬೇಕು. ಬರ್ಕೊಂಡು ಬಂದ್ರೆ ಆಗಲ್ಲ. ಆ ಕ್ಷಣಕ್ಕೆ ಹುಟ್ಟಬೇಕು. ಸವಾಲ್, ಜವಾಬ್. ನಾಲ್ಕು ಆವರ್ತ ನಾನು, ನಾಲ್ಕು ನೀನು."

ನಮ್ಮ ಹಿಂದೂಸ್ತಾನಿಯವರು ಪದವಿಲ್ಲದೆ ಹಾಡುವ ತರಾನಾ ಇದ್ದ ಹಾಗೇ ಎಂದೆ. "ಇರ್ಬೋದು," ಎಂದರು, "ಆದ್ರೆ ಇದು ಅಮೆರಿಕಾದಾಗೆ ನೋವು ತಿಂದ ಜನ ಕಟ್ಟಿದ್ದು. ನಗ್ತಾ ಹಾಡ್ತಾರೆ. ಕೇಳಿದೋರಿಗೆ ಎಲ್ಲೋ ಚುಚ್ಚತೈತೆ."

ನಾನು ಪ್ರಯತ್ನಿಸಿದೆ. ಬರಲಿಲ್ಲ. ನನ್ನ ಬಾಯಿಂದ ಹೊರಡುತ್ತಿದ್ದದ್ದು ಸಿನಿಮಾ ಹಾಡಿನ ನಡುವೆ ಬರುವ ಲಾಲಲಾ. ಚಾಚಾ ಕಣ್ಣು ಮುಚ್ಚಿಕೊಂಡು ಕೇಳಿ, "ಹಲ್ಲು ಉಜ್ಜಿದಂಗೈತೆ" ಎನ್ನುತ್ತಿದ್ದರು.

ಅದು ಬಂದದ್ದು ಹರಿಹರದಲ್ಲಿ, ಅಕ್ಕನ ಮನೆಯ ಹಿತ್ತಲಲ್ಲಿ. ಒಂದು ಭಾನುವಾರ ಅಜ್ಜಿ ಬಿಸಿಲಿಗೆ ಕೂತಿದ್ದಳು. ನನ್ನನ್ನು ನೋಡಿ ಏನೋ ಹೇಳಿದಳು — ದಾಬ ದೀಬ ದೂ ದಾಬ. ತೆಳ್ಳಗಾಗಿದ್ದೀಯ ಎಂದೋ, ಅಂಗಿ ಚೆನ್ನಾಗಿಲ್ಲ ಎಂದೋ. ತಿಳಿಯದೆ, ಅಪಹಾಸ್ಯಕ್ಕಲ್ಲದೆ, ಸುಮ್ಮನೆ, ಅದೇ ರಾಗದಲ್ಲಿ ನಾನೂ ದಾಬ ದೀಬ ಎಂದೆ. ಅವಳ ಅರ್ಧ ಮುಖ ಅರಳಿತು. ಅದನ್ನೇ ತಿರುಚಿ, ಒಂದು ಸದ್ದು ನುಂಗಿ, ಇನ್ನೊಂದನ್ನು ಎಳೆದು ನನ್ನತ್ತ ಎಸೆದಳು. ನಾನು ಹಿಡಿದೆ, ಎಸೆದೆ. ಅವಳು ಎಡಗೈಯಿಂದ ತೊಡೆಯ ಮೇಲೆ ತಾಳ ಹಾಕತೊಡಗಿದಳು. ಕಾದ ಮರಳಿನಲ್ಲಿ ಮಂಡಕ್ಕಿ ಸಿಡಿಯುವ ಗತಿ ಅದು — ಮೊದಲು ಒಂದೊಂದು, ಆಮೇಲೆ ಒಟ್ಟಿಗೆ ಸಾವಿರ, ಆಮೇಲೆ ಜರಡಿಯ ಸರಸರ. ನಾನು ತಾಳ ತಪ್ಪಿದರೆ ನನ್ನ ಮಂಡಿಗೆ ಒಂದು ಏಟು. ಹೇಳಿದ್ದನ್ನೇ ಮತ್ತೆ ಹೇಳಿದರೆ ಮುಖ ತಿರುಗಿಸುವಳು. ನಿಂದು ಹೇಳು.

ಅಕ್ಕ ಒಳಗಿನಿಂದ ಕೂಗಿದಳು. "ಏನ್ರಪ್ಪ, ಅಜ್ಜಿ ಮೊಮ್ಮಗ ನನ್ನೇ ಆಡ್ಕೊಳ್ಳಾಕತ್ತೀರಾ?"

ಸುಮಾರು ಒಂದೂವರೆ ವರ್ಷ, ಭಾನುವಾರ ತಪ್ಪದೆ ನಾನು ಹರಿಹರದ ಬಸ್ಸು ಹತ್ತಿದೆ. ಅಕ್ಕನ ಲೆಕ್ಕದಲ್ಲಿ ಅದು ಮೊಮ್ಮಗನ ಪ್ರೀತಿ. ಮೊದಮೊದಲು ನಿಜವೂ ಹೌದು. ಆಮೇಲೆ ಫೋನನ್ನು ಮಡಿಲಲ್ಲಿಟ್ಟು ಅವಳ ದನಿಯನ್ನು ರೆಕಾರ್ಡ್ ಮಾಡತೊಡಗಿದೆ. ಮನೆಗೆ ಬಂದು ಕೇಳಿ ಕೇಳಿ ಬಾಯಿಪಾಠ ಮಾಡಿದೆ. ಆ ಕ್ಷಣಕ್ಕೆ ಹುಟ್ಟಬೇಕಾದದ್ದನ್ನು ನಾನು ಬಾಯಿಪಾಠ ಮಾಡುತ್ತಿದ್ದೆ.

ಒಂದು ದಿನ ತಾಲೀಮಿನಲ್ಲಿ ಅವಳ ಒಂದು ವರಸೆಯನ್ನು ಬಿಟ್ಟೆ. ಚಾಚಾ ನುಡಿಸುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು.

"ಎಲ್ಲಿ ಕಲ್ತೆ ಇದನ್ನ?"

"ರೆಕಾರ್ಡ್ ಕೇಳಿ ಚಾಚಾ. ಫಾರಿನ್ನೋರದು."

ಯಾಕೆ ಹಾಗೆ ಹೇಳಿದೆ? ನಮ್ಮಜ್ಜಿ ಎನ್ನುವುದಕ್ಕೆ ಎಷ್ಟು ಹೊತ್ತು ಬೇಕಿತ್ತು? ಆದರೆ ಲಕ್ವ ಹೊಡೆದ ಮುದುಕಿಯ ತೊದಲು ಎಂದು ಹೇಳಲು ನನಗೆ...ನಾಚಿಕೆಯಾಯಿತು. ಬೇರೆ ಪದ ಹುಡುಕಿ ನೋಡಿದ್ದೇನೆ. ಅದು ನಾಚಿಕೆಯೇ.

ಆ ಸುಳ್ಳು ಬೆಳೆಯಿತು. ನಿರೂಪಕರು ಪ್ರತಿ ಕಾರ್ಯಕ್ರಮದಲ್ಲೂ ಅದನ್ನೇ ಹೇಳತೊಡಗಿದರು: ವಿದೇಶಿ ಗಾಯಕರ ಧ್ವನಿಮುದ್ರಿಕೆಗಳನ್ನು ಕೇಳಿ, ಸ್ವಂತ ಸಾಧನೆಯಿಂದ ಕಲಿತವರು. ಸ್ವಂತ ಎಂಬಲ್ಲಿ ಚಪ್ಪಾಳೆ ಬರುತ್ತಿತ್ತು.

ಆ ಭಾನುವಾರದ ಕಾರ್ಯಕ್ರಮಕ್ಕೆ ಒಂದೇ ಪಾಸು ಅಕ್ಕನಿಗೆ ಕೊಟ್ಟು, "ಅಜ್ಜಿನ ಕರ್ಕೊಂಡ್ ಬರಬ್ಯಾಡ, ದಣಿತಾಳೆ" ಎಂದಿದ್ದೆ. ಆದರೆ ಅಜ್ಜಿ ಅದನ್ನು ಕೇಳಿಸಿಕೊಂಡಿದ್ದಳು. ಆ ಬೆಳಗ್ಗೆ ತಾನೇ ಪೆಟ್ಟಿಗೆಯ ಮುಂದೆ ಹೋಗಿ ಕೂತು, ಇಳಕಲ್ ಸೀರೆ ತೆಗೆಸಿ, ದಾಬ ದಾಬ ಎಂದು ಹಟ ಹಿಡಿದಳಂತೆ. ಅಕ್ಕ ಅವಳಿಗೆ ತಲೆ ಬಾಚಿ, ಸೀರೆ ಉಡಿಸಿ, ಗಡಿಬಿಡಿಯಲ್ಲಿ ಒಂಬತ್ತೂವರೆಯ ಬಸ್ಸು ಹಿಡಿದಳು. ಬಾಗಿಲಲ್ಲಿ ಪಾಸು ಒಂದೇ ಇದ್ದರೂ ಅಜ್ಜಿಯ ಮುಖ ನೋಡಿ ಯಾರೂ ತಡೆಯಲಿಲ್ಲ. ನಾನು ಅವರನ್ನು ನೋಡಿದ್ದು ವೇದಿಕೆಯಿಂದ, ಎರಡನೇ ಹಾಡಿನ ನಡುವೆ. ಅಕ್ಕ ಕೈ ಬೀಸಿದಳು. ನಾನು ಬೇರೆ ಕಡೆ ನೋಡಿದೆ.

ಮೂರನೆಯದು ಸ್ಕ್ಯಾಟ್. ಚಾಚಾ ನಾಲ್ಕು ಆವರ್ತ ಊದಿ ನನಗೆ ಬಿಟ್ಟರು. ನಾನು ಅಜ್ಜಿಯ ಅತ್ಯುತ್ತಮ ವರಸೆಯನ್ನು ತೆಗೆದೆ — ಮಂಡಕ್ಕಿ ಸಿಡಿಯುವಂಥದ್ದು. ದಾಬ ದೀಬ ದೂ, ದೀಬ ದಾಬ ದಾಬ ದೂ. ಸಭೆ ನೆಟ್ಟಗೆ ಕೂತಿತು. ಆ ನಿರ್ದೇಶಕರು ಮುಂದಕ್ಕೆ ಬಾಗಿದರು. ನನ್ನ ನಾಲ್ಕು ಆವರ್ತ ಮುಗಿಯಿತು, ಚಾಚಾ ಉಸಿರು ತೆಗೆದುಕೊಂಡರು — ಆ ಉಸಿರಿನಷ್ಟು ಜಾಗದಲ್ಲಿ, ಮೂರನೇ ಸಾಲಿನಿಂದ, ಅವಳು ಜವಾಬು ಕೊಟ್ಟಳು.

ಮುಂದಿನ ಕುರ್ಚಿಯ ಬೆನ್ನು ಹಿಡಿದು ಎದ್ದು ನಿಂತಿದ್ದಳು. ಮೈಕಿಲ್ಲದ ಒರಟು ದನಿ. ನಾನು ಹಾಡಿದ್ದನ್ನು ಅವಳು ತಿರುಚಿದ್ದಳು, ಹೊಸದು ಮಾಡಿದ್ದಳು. ತಾಳ ಒಂದೆಳೆಯೂ ತಪ್ಪಿರಲಿಲ್ಲ. ಕೊನೆಯಲ್ಲಿ ದನಿಯನ್ನು ಮೇಲಕ್ಕೆತ್ತಿ ತೂಗಿಸಿ ನಿಲ್ಲಿಸಿದಳು.

ಮುಂದ?

ಅರ್ಧ ಮುಖ ನಗುತ್ತಿತ್ತು. ನನಗಾಗಿಯೇ ನಕ್ಕ ನಗು ಅದು. ಸಭೆಯೂ ನಕ್ಕಿತು, ಬೇರೆ ಥರ. ನಿರ್ದೇಶಕರು ಹಿಂದಕ್ಕೆ ತಿರುಗಿ ನೋಡಿದರು. ಸಂಘದವರೊಬ್ಬರು ವೇದಿಕೆಯತ್ತ ಕುತ್ತಿಗೆ ಎತ್ತಿ ಕೇಳಿದರು: "ಯಾರ್ರೀ ಅದು? ನಿಮ್ ಕಡೆಯೋರೇನ್ರಿ?"

ಮೈಕು ನನ್ನ ಬಾಯಿಯ ಹತ್ತಿರವೇ ಇತ್ತು.

"ಯಾರೋ ಗೊತ್ತಿಲ್ಲ ಸರ್. ಪಾಪ, ತಲೆ ನೆಟ್ಟಗಿಲ್ಲ ಅನ್ಸುತ್ತೆ. ಸ್ವಲ್ಪ ಹೊರಗೆ ಕೂಡ್ರಸ್ರಿ."

ಇದೇ. ಇಷ್ಟೇ ಪದಗಳು. ಒಂದನ್ನೂ ಕಡಿಮೆ ಮಾಡಿಲ್ಲ. ಆ ಕ್ಷಣಕ್ಕೆ ಹುಟ್ಟಿದ್ದು, ನನ್ನದೇ ಎಂದು ಹೇಳಿಕೊಳ್ಳಬಹುದಾದದ್ದು, ಅವತ್ತು ಇದೊಂದೇ.

ಸಮವಸ್ತ್ರ ತೊಟ್ಟ ಒಬ್ಬ ಸ್ವಯಂಸೇವಕ ಬಂದು ಅವಳ ತೋಳು ಹಿಡಿದ. ಅವಳು ಹಟ ಮಾಡಲಿಲ್ಲ. ಹೋಗುತ್ತ ಒಂದು ಸಲ ನನ್ನ ಕಡೆ ನೋಡಿದಳು — ಸಿಟ್ಟಿನಿಂದಲ್ಲ. ಕತೆಯಲ್ಲಿ ನಾನು ತಪ್ಪು ಹೇಳಿದಾಗ ಕಾಯುತ್ತಿದ್ದಳಲ್ಲ, ಹಾಗೆ. ತಿದ್ದಿಕೊಳ್ಳಲು ಸಮಯ ಕೊಟ್ಟ ಹಾಗೆ. ನಾನು ಚಾಚಾಗೆ ಕಣ್ಣಲ್ಲಿ ಸನ್ನೆ ಮಾಡಿದೆ. ಹಾಡು ಮುಂದುವರಿಯಿತು.

ಅಕ್ಕ ಬಾಟಲಿ ಹಿಡಿದು ಬಂದಾಗ ಅಜ್ಜಿ ಹೊರಗಿನ ವರಾಂಡದಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದಳು. "ಒಳಗೆ ಸೆಕೆ ಐತ್ರಿ, ಗಾಳಿಗೆ ಕೂಡ್ರಿಸೀವಿ" ಎಂದನಂತೆ ಆ ಸ್ವಯಂಸೇವಕ, ಪಾಪ, ಮರ್ಯಾದೆಗೆ. ಅಕ್ಕ ನಂಬಿದಳು. ಅಜ್ಜಿಯನ್ನು ಮತ್ತೆ ಒಳಗೆ ಕರೆದರೆ ಅವಳು ಬರಲಿಲ್ಲ.

ಮುಗಿದಮೇಲೆ ನಿರ್ದೇಶಕರು ಕೈ ಕುಲುಕಿದರು. ಆ ಅಡಚಣೆಯನ್ನು ಚೆನ್ನಾಗಿ ನಿಭಾಯಿಸಿದಿರಿ ಎಂದರು. ಚಾಚಾ ಮಾತ್ರ ಸ್ಯಾಕ್ಸೋಫೋನನ್ನು ಬಟ್ಟೆಯಲ್ಲಿ ಒರೆಸುತ್ತ, ತಲೆಯೆತ್ತದೆ ಹೇಳಿದರು: "ಆ ಮುದುಕಿ ಸುರ್‌ನಾಗೇ ಇತ್ತಲ್ಲೋ. ನಿನಗಿಂತ ಚೆಂದ ಕೊಟ್ಟಿತ್ತು. ಜವಾಬು ಕೊಡ್ಬೇಕಿತ್ತು ನೀನು." ಅವರಿಗೆ ಅವಳು ಯಾರೆಂದು ಗೊತ್ತಿರಲಿಲ್ಲ. ಕೊನೆತನಕ ಗೊತ್ತಾಗಲಿಲ್ಲ. ಅವರೂ ಈಗಿಲ್ಲ.

ಮಂಗಳವಾರ ಅಕ್ಕನ ಫೋನು ಬಂತು. "ಶಿವು, ಅಜ್ಜಿ ಭಾನುವಾರದಿಂದ ದಾಬ ಅಂತಾನೂ ಇಲ್ಲ ಕಣೋ. ಉಣ್ತಾಳೆ, ಮಲಗ್ತಾಳೆ. ಬಾಯೇ ಬಿಡವಲ್ಲಳು."

ಮರುದಿನ ದಾವಣಗೆರೆಯ ಆಸ್ಪತ್ರೆಯಲ್ಲಿ ನಾವೆಲ್ಲ ಇದ್ದೆವು — ಅವ್ವ, ಅಕ್ಕ, ನಾನು. ಡಾಕ್ಟರು ಸ್ಕ್ಯಾನಿನ ಹಾಳೆಯನ್ನು ಬೆಳಕಿಗೆ ಹಿಡಿದು, ಹೊಸದೇನೂ ಕಾಣುತ್ತಿಲ್ಲ, ಆದರೆ ಸಣ್ಣದಾಗಿ ಮತ್ತೆ ಹೊಡೆದಿದ್ದರೆ ಕೆಲವು ಸಲ ಕಾಣುವುದಿಲ್ಲ ಎಂದರು. ಆಮೇಲೆ ಕೇಳಿದರು: "ಬಿ.ಪಿ. ಗುಳಿಗೆ ಯಾವತ್ತಾದ್ರೂ ತಪ್ಪಿತ್ತೇನಮ್ಮ?"

ಅಕ್ಕನಿಗೊಂದು ಅಭ್ಯಾಸ. ಗುಳಿಗೆಯ ಸ್ಟ್ರಿಪ್ಪಿನ ಹಿಂದೆ, ಒಂದೊಂದು ಗುಳಿಗೆಯ ಮೇಲೆ ಪೆನ್ನಿನಿಂದ ವಾರದ ಮೊದಲ ಅಕ್ಷರ ಬರೆದಿಡುವುದು. ಪರ್ಸಿನಿಂದ ಸ್ಟ್ರಿಪ್ಪು ತೆಗೆದಳು. ಶನಿವಾರದ್ದು ಖಾಲಿ. ಸೋಮವಾರದ್ದು ಖಾಲಿ. ನಡುವೆ 'ಭಾ' ಎಂದು ಬರೆದಿದ್ದ ಕಡೆ ಗುಳಿಗೆ ಹಾಗೇ ಇತ್ತು.

"ಬಸ್ಸಿಗೆ ಹೊತ್ತಾತಂತ ಗಡಿಬಿಡಿಯಾಗೆ..." ಎಂದಳು.

ಅವ್ವ ಅಲ್ಲೇ ಅಂದಳು. "ಒಂದು ಗುಳಿಗೆ ಕೊಡಾಕ ಆಗ್ಲಿಲ್ಲೇನೇ ನಿಂಗೆ? ನಿನ್ ಕೈಯಾಗೆ ನಮ್ಮತ್ತಿ ಬಾಯಿ ಹೋತು."

ನಾನು ಬಾಗಿಲಿಗೆ ಆತುಕೊಂಡು ನಿಂತಿದ್ದೆ. ಆಗ ಹೇಳಬಹುದಿತ್ತು. ಸಭಾಂಗಣದ ಮಾತು ಒಂದು ಕ್ಷಣದ್ದು, ಬಾಯಿ ಜಾರಿತು ಎಂದು ಯಾರಾದರೂ ಅಂದಾರು. ಇದು ಜಾರಿದ್ದಲ್ಲ. ಅಕ್ಕ ನನ್ನ ಕಣ್ಣೆದುರು ಅಳುತ್ತಿದ್ದಳು, ನಾನು ಯೋಚಿಸುತ್ತ ನಿಂತಿದ್ದೆ — ಗುಳಿಗೆಯಿಂದಲೇ ಆಗಿರಬಹುದಲ್ಲ? ಆಗಿರಲಿ. ಗುಳಿಗೆಯಿಂದಲೇ ಆಗಿರಲಿ ದೇವರೇ. ಹಾಗೆ ಬೇಡಿಕೊಂಡೆ ನಾನು.

ಆಗಿರಲಿಲ್ಲ ಎಂದು ತಿಳಿದದ್ದು ಎರಡು ವಾರದ ಮೇಲೆ. ಹರಿಹರಕ್ಕೆ ಹೋದೆ. ಅಕ್ಕ ಅಂಗಡಿಗೆ ಹೋಗಿದ್ದಳು. ಅಜ್ಜಿ ಅದೇ ಹಿತ್ತಲಿನಲ್ಲಿ, ಅದೇ ಬಿಸಿಲಿನಲ್ಲಿ. ನಾನು ಎದುರು ಕೂತು, ಮೆಲ್ಲಗೆ, ದಾಬ ದೀಬ ದೂ ಎಂದೆ.

ಅವಳು ನನ್ನ ಮುಖವನ್ನು ನೋಡಿದಳು. ಚೆನ್ನಾಗಿ, ನಿಧಾನವಾಗಿ ನೋಡಿದಳು. ಆಮೇಲೆ ಎಡಗೈ ಎತ್ತಿ, ಭುಜದಿಂದ ಜಾರಿದ್ದ ಸೆರಗನ್ನು ಹುಡುಕಿ, ಅದನ್ನು ತಲೆಯ ಮೇಲೆ ಹಣೆಯತನಕ ಎಳೆದುಕೊಂಡು ಮುಖ ಪಕ್ಕಕ್ಕೆ ಮಾಡಿದಳು.

ನಮ್ಮ ಕಡೆಯ ಹಳೆಯ ಹೆಂಗಸರು ಹಾಗೆ ಮಾಡುವುದು ಪರಗಂಡಸರು ಮನೆಗೆ ಬಂದಾಗ. ಗುರುತಿಲ್ಲದವರ ಎದುರು. ನನ್ನನ್ನು ಎಣ್ಣೆ ಹಚ್ಚಿ ಮೀಯಿಸಿದ ಕೈ ಅದು. ನನ್ನೆದುರು ಅವಳ ತಲೆಯ ಮೇಲೆ ಎಂದೂ ಸೆರಗು ಇದ್ದದ್ದಿಲ್ಲ.

ಯಾರೋ ಗೊತ್ತಿಲ್ಲ ಎಂದಿದ್ದೆನಲ್ಲ. ಅದಕ್ಕೆ ಜವಾಬು ಬಂತು.

ಅಕ್ಕ ನೋಡಿ, "ಮರೆವು ಶುರುವಾಗೇತೆ, ನಿನ್ನೇ ಗುರ್ತ್ ಹಿಡೀವಲ್ಲಳು" ಎಂದು ಮರುಗಿದಳು. ನಾನು ಹೌದೆಂದೆ. ಆದರೆ ಭಾವ ಬಂದಾಗ ಅವಳು ಸೆರಗು ಎಳೆಯಲಿಲ್ಲ, ಪಕ್ಕದ ಮನೆಯವರು ಬಂದಾಗ ಎಳೆಯಲಿಲ್ಲ. ನನ್ನ ಹೆಜ್ಜೆ ಸದ್ದಿಗೆ ಮಾತ್ರ ಆ ಎಡಗೈ ಏಳುತ್ತಿತ್ತು. ಹದಿನಾಲ್ಕು ತಿಂಗಳು ಬದುಕಿದ್ದಳು. ಒಂದು ಸದ್ದೂ ಮಾಡಲಿಲ್ಲ. ಹೋದಾಗಲೂ ಸದ್ದಿಲ್ಲದೆ ಹೋದಳು. ಮಣ್ಣು ಮಾಡುವ ಮುನ್ನ ಕುಳ್ಳಿರಿಸಿದ್ದರಲ್ಲ, ಯಾರೋ ಅವಳ ಸೆರಗನ್ನು ತಲೆಯ ಮೇಲೆ ಹೊದಿಸಿದರು. ಎಲ್ಲರಿಗೂ ಅದು ಶಾಸ್ತ್ರ. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಇನ್ನೊಂದು ಉಳಿಯಿತು, ಅದನ್ನೂ ಹೇಳುತ್ತೇನೆ. ಆ ಭಾನುವಾರ ಸಂಜೆಯೇ ನನ್ನ ಫೋನಿನಲ್ಲಿದ್ದ ಅವಳ ದನಿಯನ್ನೆಲ್ಲ ಅಳಿಸಿದೆ. ಯಾರಾದರೂ ಕೇಳಿ ಹೋಲಿಸಿಬಿಟ್ಟರೆ ಎಂಬ ಭಯ. ಒಂದೂವರೆ ವರ್ಷದ ದನಿ. ಅಕ್ಕನ ಹತ್ತಿರ ಅಜ್ಜಿಯ ಫೋಟೋಗಳಿವೆ, ದನಿ ಒಂದೂ ಇಲ್ಲ.

ಹಾಡುವುದನ್ನು ನಾನು ಆ ವರ್ಷವೇ ಬಿಟ್ಟೆ. ಪಶ್ಚಾತ್ತಾಪದಿಂದ ಬಿಟ್ಟೆ ಎಂದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಹಾಡಲು ಆಗಲಿಲ್ಲ, ಅಷ್ಟೆ. ನಾಲ್ಕು ಆವರ್ತ ಮುಗಿಸಿ ನಿಲ್ಲಿಸಿದರೆ, ಆ ಉಸಿರಿನಷ್ಟು ಜಾಗದಲ್ಲಿ ಮೂರನೇ ಸಾಲಿನಿಂದ ಒಂದು ಮೌನ ಎದ್ದು ನಿಲ್ಲುತ್ತಿತ್ತು. ಈಗ ದೇವರಾಜ ಅರಸು ಬಡಾವಣೆಯಲ್ಲಿ ಮಕ್ಕಳಿಗೆ ಕೀಬೋರ್ಡ್ ಕಲಿಸುತ್ತೇನೆ. ಹೊಸದಾಗಿ ಸೇರಿದ ಮಕ್ಕಳು ಸ್ವರದ ಹೆಸರು ಮರೆತಾಗ ದಾ ದೀ ಎಂದು ಏನೋ ಒಂದು ತುಂಬಿಕೊಂಡು ಮುಂದೆ ಹೋಗುತ್ತಾರೆ. ನಾನು ತಿದ್ದುವುದಿಲ್ಲ. ಕಿಟಕಿಯ ಹತ್ತಿರ ಹೋಗಿ ನಿಲ್ಲುತ್ತೇನೆ.

ಅವ್ವ ಮೂರು ವರ್ಷದ ಹಿಂದೆ ತೀರಿಕೊಂಡಳು. ನೆಂಟರು ಸೇರಿದಾಗಲೆಲ್ಲ ಆ ಗುಳಿಗೆಯ ಮಾತು ಅವಳ ಬಾಯಲ್ಲಿ ಬರುತ್ತಿತ್ತು. ಅಕ್ಕ ಎಂದೂ ಎದುರಾಡಲಿಲ್ಲ. ತಲೆ ತಗ್ಗಿಸಿ ಬಡಿಸುತ್ತಿದ್ದಳು. ನಾನು ಉಣ್ಣುತ್ತಿದ್ದೆ.

ಇಲ್ಲಿಯವರೆಗಿನದನ್ನು ಬರೆದು, ಹೋದ ವಾರ ಹರಿಹರಕ್ಕೆ ಹೋದೆ. ಮಧ್ಯಾಹ್ನ. ಅಕ್ಕ ಹಿತ್ತಲ ಬಾಗಿಲಲ್ಲಿ ಕಲ್ಲಿನಿಂದ ಹುಣಸೆಹಣ್ಣು ಜಜ್ಜಿ ಬೀಜ ಬಿಡಿಸುತ್ತ ಕೂತಿದ್ದಳು. ಹಾಳೆಗಳನ್ನು ತೆಗೆದು ಪೂರ್ತಿ ಓದಿ ಹೇಳಿದೆ. ಮೈಕಿನ ಮಾತು ಬಂದಾಗ ಅವಳ ಕೈಯಲ್ಲಿದ್ದ ಕಲ್ಲು ನಿಂತಿತು. ಮುಗಿಯುವತನಕ ಮತ್ತೆ ಏಳಲಿಲ್ಲ.

ಓದಿ ಮುಗಿದಮೇಲೆ ಅಂದಳು. "ಅವ್ವ ಸಾಯೋ ದಿನಾನೂ ಅಂದ್ಲು, ನಿನ್ ಕೈಯಾಗೆ ಬಾಯಿ ಹೋತು ಅಂತ. ನೀನು ಅಲ್ಲೇ ಮಂಚದ ಹತ್ರ ನಿಂತಿದ್ದಿ."

"ನಿಂತಿದ್ದೆ."

"ಅವ್ವಗೆ ಇನ್ನ ಹೇಳಾಕ ಆಗಲ್ಲ."

"ಇಲ್ಲ."

"ಉಳಿದೋರಿಗೆ ಹೇಳು. ಇದನ್ನ ಅಚ್ಚು ಹಾಕ್ಸು. ನನ್ ಹೆಸರು ಬಿಡಬ್ಯಾಡ. ನಮ್ಮೋರು ಓದ್ಲಿ."

ಆಮೇಲೆ, "ಹೆಂಗ್ ಕೇಳಿದ್ಲು ಅಜ್ಜಿ ಅವತ್ತು? ಅಂದು ತೋರ್ಸು" ಎಂದಳು.

ನಾನು ಹೇಳಿದೆ. ಹನ್ನೊಂದು ವರ್ಷದಿಂದ ಬಾಯಿಗೆ ತಂದಿರಲಿಲ್ಲ. ಅಕ್ಕ ತಲೆಯಾಡಿಸಿದಳು.

"ಅದಲ್ಲ. ಕೊನೀಗೆ ಹಂಗ್ ಬಿಡ್ತಿರ್ಲಿಲ್ಲ ಆಕಿ." ಹೇಳಿ, ಕಣ್ಣು ಮುಚ್ಚಿ, ತಾನೇ ತೋರಿಸಿದಳು — ದಾಬ ದೀಬ ದೂ, ದೀಬಾ? ಅದೇ ಒರಟು, ಅದೇ ತೂಗು. ನಾನು ಅಳಿಸಿದ್ದ ದನಿ ಅವಳ ಗಂಟಲಲ್ಲಿ ಹಾಗೇ ಇತ್ತು. ಕೊನೆಯ ಸದ್ದನ್ನು ಗಾಳಿಯಲ್ಲಿ ನಿಲ್ಲಿಸಿ ಅಕ್ಕ ಕಣ್ಣು ತೆರೆದು ನನ್ನನ್ನು ನೋಡಿದಳು. ಕಾದಳು. ನಾನು ಹಾಳೆಗಳನ್ನು ಮಡಚಿದೆ.

ಅಕ್ಕ ಎದ್ದು ಒಳಗೆ ಹೋಗಿ ದೇವರ ಗೂಡಿನಿಂದ ವಿಭೂತಿ ಡಬ್ಬಿ ತಂದಳು. ಅದರೊಳಗೆ, ತಳದಲ್ಲಿ, ಆ ಗುಳಿಗೆಯ ಸ್ಟ್ರಿಪ್ಪು ಇತ್ತು. 'ಭಾ' ಎಂಬ ಅಕ್ಷರ ಮಸುಕಾಗಿತ್ತು. ಹೆಬ್ಬೆರಳಿನಿಂದ ಒತ್ತಿದಳು. ಗುಳಿಗೆ ಪುಡಿಯಾಗಿ ಹೊರಗೆ ಬಂತು. ಅದನ್ನು ಬಚ್ಚಲಿಗೆ ಉದುರಿಸಿ, ಎರಡು ಚೊಂಬು ನೀರು ಹಾಕಿ, ಕೈ ತೊಳೆದುಕೊಂಡಳು. ಮತ್ತೆ ಬಂದು ಕೂತು ಕಲ್ಲು ಎತ್ತಿಕೊಂಡಳು. ಚಾ ಕುಡೀತೀಯ ಎಂದು ಕೇಳಲಿಲ್ಲ. ನಾನು ಐದೂಕಾಲರ ಬಸ್ಸಿಗೆ ದಾವಣಗೆರೆಗೆ ಬಂದೆ.